ಕಣ್ಣು ಜಾರಿದ ಒಂದು ಪದ

ನಾನು ಎಡಿಟರ್ ಅಂದ್ರೆ ನಮ್ಮೂರಲ್ಲಿ ಯಾರಿಗೂ ಸರಿಯಾಗಿ ಅರ್ಥ ಆಗುವುದಿಲ್ಲ. "ಪೇಪರಿನಲ್ಲಾ?" ಅಂತ ಕೇಳ್ತಾರೆ. ಅಲ್ಲ ಅಂದ್ರೆ "ಹಾಗಾದ್ರೆ ವಿಡಿಯೋದ್ದಾ?" ಅಂತಾರೆ. ಬೇರೆಯವರು ಬರೆದದ್ದನ್ನು ಓದಿ ತಿದ್ದುವುದಕ್ಕೆ ಬೆಂಗಳೂರಲ್ಲಿ ಸಂಬಳ ಕೊಡ್ತಾರೆ ಅಂತ ವಿವರಿಸಿದರೆ ಸಿದ್ದಕಟ್ಟೆಯ ನಮ್ಮ ದೊಡ್ಡಪ್ಪ, "ಅದಕ್ಕೂ ಸಂಬಳ ಉಂಟಾ ಮಾರಾಯ?" ಅಂತ ನಗ್ತಾರೆ.

ಎರಡು ವರ್ಷದ ಹಿಂದೆ ಬಂಟ್ವಾಳ ಕಡೆಯ ಒಂದು ಜೀರ್ಣೋದ್ಧಾರ ಸಮಿತಿಯವರು ತಮ್ಮ ಸ್ಮರಣ ಸಂಚಿಕೆಯನ್ನು ತಿದ್ದಿಕೊಡಲು ಕೇಳಿದರು. ಊರಿನ ಕೆಲಸ, ಇಲ್ಲ ಅನ್ನಲಾಗದು. ನಿವೃತ್ತ ಮಾಸ್ತರೊಬ್ಬರು ಹಳೆಯ ಲೆಕ್ಕದ ಪುಸ್ತಕಗಳನ್ನು ಕೆದಕಿ ಆ ಜಾಗದ ಚರಿತ್ರೆ ಬರೆದಿದ್ದರು. ಅದರಲ್ಲಿ ಒಂದು ಸಾಲು: ಮಾಡಿಗೆ ಹಂಚು ಹೊದೆಸಿದಾಗ ಒಬ್ಬ ಹೆಂಗಸು ಇಂತಿಷ್ಟು ರೂಪಾಯಿ ಕೊಟ್ಟಿದ್ದಳು ಅಂತ. ಹೆಸರೂ ಇತ್ತು. ಆ ಹೆಸರು ನೋಡಿದರೆ, ಆಕೆಯ ಜಾತಿಯವರಿಗೆ ಆ ಕಾಲದಲ್ಲಿ ಅಂಗಳ ದಾಟಿ ಒಳಗೆ ಬರುವ ಹಾಗಿರಲಿಲ್ಲ ಅಂತ ಊರಿನ ಯಾರಿಗಾದರೂ ಗೊತ್ತಾಗುತ್ತಿತ್ತು. ದುಡ್ಡು ಮಾತ್ರ ಒಳಗೆ ಬಂದಿತ್ತು.

ಸಮಿತಿಯ ಒಬ್ಬರು ಫೋನ್ ಮಾಡಿದರು. "ಆ ಒಂದು ಸಾಲು ಬೇಡ ಆಯ್ತಾ. ಈಗ ಎಂತಕ್ಕೆ ಅದೆಲ್ಲ? ನೀವು ಎಡಿಟರ್ ಅಲ್ವಾ, ಸ್ವಲ್ಪ ನೋಡಿ." ನಾನು ನೋಡಿದೆ. ಡಿಲೀಟ್ ಒತ್ತಿದೆ. ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ನಡುವೆ ಸಂದು ಕಾಣದ ಹಾಗೆ "ಆನಂತರ" ಅಂತ ಒಂದು ಪದವನ್ನೂ ಸೇರಿಸಿದೆ. ಒಳ್ಳೆಯ ಎಡಿಟಿಂಗ್ ಅಂದರೆ ಹೊಲಿಗೆ ಕಾಣಬಾರದು ಅಂತ ನಮ್ಮ ವೃತ್ತಿಯಲ್ಲಿ ಹೇಳ್ತಾರೆ.

ಈ ವಿಷಯವನ್ನು ನಾನು ಮರೆತುಬಿಡುತ್ತಿದ್ದೆನೇನೋ. ಆದರೆ ಮೂಡುಬಿದಿರೆಯ ಒಂದು ಕತೆ ಓದಿದ ಮೇಲೆ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಆ ಕತೆಯಲ್ಲಿ ಇರುವುದೂ ಬಿಟ್ಟುಹೋದ ಒಂದು ಪದ. ಅದೂ ಹೆಣ್ಣಿಗೆ ಸಂಬಂಧಪಟ್ಟದ್ದು.

*

ಮೂಡುಬಿದಿರೆ ಅಂದ್ರೆ ನಮಗೆಲ್ಲ ಮೊದಲು ನೆನಪಾಗುವುದು ಸಾವಿರ ಕಂಬದ ಬಸದಿ. 1430ರಲ್ಲಿ ಕಟ್ಟಿದ್ದು. ಶಾಲಾ ಪ್ರವಾಸದಲ್ಲಿ ಕಂಬ ಎಣಿಸಲು ಹೋಗಿ ಸೋತವರಲ್ಲಿ ನಾನೂ ಒಬ್ಬ. ಅದಕ್ಕಿಂತ ಹಳೆಯದು ಗುರು ಬಸದಿ. ಅದಕ್ಕೆ ಸಿದ್ಧಾಂತ ಬಸದಿ ಅಂತ ಇನ್ನೊಂದು ಹೆಸರಿದೆ. ಹೆಸರಿನಲ್ಲೇ ಕತೆ ಇದೆ. ದಿಗಂಬರ ಜೈನರ ಅತಿ ಹಳೆಯ ಸಿದ್ಧಾಂತ ಗ್ರಂಥಗಳು ಇಡೀ ದೇಶದಲ್ಲಿ ಉಳಿದುಕೊಂಡದ್ದು ಇಲ್ಲಿ ಮಾತ್ರ.

ಗ್ರಂಥಗಳ ಹೆಸರು ಷಟ್ಖಂಡಾಗಮ ಮತ್ತು ಕಷಾಯಪಾಹುಡ. ಎರಡೂ ಪ್ರಾಕೃತದಲ್ಲಿವೆ. ಧರಸೇನರೆಂಬ ಆಚಾರ್ಯರು ಗಿರಿನಾರದಲ್ಲಿ ತಮಗೆ ಬಾಯಿಪಾಠವಿದ್ದದ್ದನ್ನು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಶಿಷ್ಯರಿಗೆ ಹೇಳಿಕೊಟ್ಟರು, ಅವರು ಅದನ್ನು ಬರೆದಿಟ್ಟರು ಅಂತ ಪರಂಪರೆ ಹೇಳುತ್ತದೆ. ಆ ಬರವಣಿಗೆ ಮುಗಿದ ದಿನವೇ ಜೈನರ ಶ್ರುತಪಂಚಮಿ. ಯೋಚಿಸಿ, ಒಂದು ಪುಸ್ತಕ ಬರೆದು ಮುಗಿಸಿದ್ದಕ್ಕೆ ಒಂದು ಹಬ್ಬ! ಡೆಡ್‌ಲೈನ್ ಅಂದ್ರೇನು ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಷಟ್ಖಂಡಾಗಮಕ್ಕೆ ವೀರಸೇನರು ಬರೆದ ದೊಡ್ಡ ಟೀಕೆಯೇ ಧವಲಾ. ಮುಗಿದದ್ದು ಕ್ರಿ.ಶ. 816ರಲ್ಲಿ, ಗಾತ್ರ 72,000 ಶ್ಲೋಕಗಳಷ್ಟು. ಕಷಾಯಪಾಹುಡದ ಟೀಕೆ ಜಯಧವಲಾ. ಅದನ್ನು ವೀರಸೇನರು ಶುರು ಮಾಡಿ ತೀರಿಕೊಂಡ ಮೇಲೆ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದರು. ಆಗ ಆಳುತ್ತಿದ್ದವನು ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಷಟ್ಖಂಡಾಗಮದ ಆರನೆಯ ಖಂಡ ಮಹಾಬಂಧ. ಜನರ ಬಾಯಲ್ಲಿ ಅದು ಮಹಾಧವಲಾ. ಕರ್ಮ ಅಂದ್ರೇನು, ಅದು ಜೀವಕ್ಕೆ ಹೇಗೆ ಅಂಟುತ್ತದೆ, ಹೇಗೆ ಕಳಚುತ್ತದೆ ಅನ್ನುವ ಲೆಕ್ಕಾಚಾರ ಇವುಗಳ ತುಂಬ. ದೊಡ್ಡ ಸಂಖ್ಯೆಗಳು, ಘಾತಗಳು ಎಲ್ಲ ಬರುತ್ತವೆ. ಗಣಿತದ ಇತಿಹಾಸ ಬರೆಯುವವರೂ ಧವಲಾವನ್ನು ಬಿಡುವ ಹಾಗಿಲ್ಲ.

ಮೂಡುಬಿದಿರೆಯಲ್ಲಿ ಇರುವುದು ಇವುಗಳ ತಾಳೆಗರಿ ಪ್ರತಿಗಳು. ಲಿಪಿ ಹಳೆಗನ್ನಡದ್ದು. ಹೊಯ್ಸಳರ ಕಾಲದ ಬರವಣಿಗೆ, ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಬರೆಸಿದವರು ಯಾರು? ಕೊನೆಯಲ್ಲಿರುವ ಪ್ರಶಸ್ತಿಗಳನ್ನು ನೋಡಿದರೆ ಹೆಂಗಸರು. ಧವಲಾ ಪ್ರತಿಯನ್ನು ದೇಮಿಯಕ್ಕ ಎಂಬಾಕೆ ಶ್ರುತಪಂಚಮಿ ವ್ರತದ ಉದ್ಯಾಪನೆಗೆಂದು ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಅವರು ತೀರಿಕೊಂಡದ್ದು 1123ರಲ್ಲಿ. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬಾಕೆ ಬರೆಸಿ ಮಾಘನಂದಿ ಆಚಾರ್ಯರಿಗೆ ಕೊಟ್ಟಳು. ಬೇರೆಲ್ಲೋ ಹುಟ್ಟಿದ ಗ್ರಂಥ, ಕನ್ನಡದ ಅಕ್ಕಂದಿರ ದುಡ್ಡಿನಿಂದ, ಕನ್ನಡ ಲಿಪಿಯಲ್ಲಿ, ನಮ್ಮ ಕರಾವಳಿಯ ಮಳೆಗೂ ಗೆದ್ದಲಿಗೂ ಬಗ್ಗದೆ ಉಳಿಯಿತು. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

*

ಉಳಿಯಿತು ಅನ್ನುವುದು ಸರಿ, ಆದರೆ ಓದುವವರಿರಲಿಲ್ಲ. ಗ್ರಂಥಗಳನ್ನು ಹೊರತೆಗೆದು ಯಾತ್ರಿಕರಿಗೆ ದರ್ಶನ ಮಾಡಿಸುತ್ತಿದ್ದರು. ಕೈಮುಗಿದು ಕಾಣಿಕೆ ಹಾಕಿ ಹೋಗುವುದು. ಸಿದ್ಧಾಂತ ಗ್ರಂಥ ಓದುವ ಅಧಿಕಾರ ಮುನಿಗಳಿಗೆ ಮಾತ್ರ, ಸಂಸಾರಿಗಳಿಗಲ್ಲ ಎಂಬ ನಂಬಿಕೆಯೂ ಬಲವಾಗಿತ್ತು.

1883ರ ಸುಮಾರಿಗೆ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದವರು ಇವನ್ನು ನೋಡಿದರು. ರತ್ನದ ಬಿಂಬಗಳ ಜೊತೆಗೆ ಈ ಗರಿಗಳನ್ನೂ ತೋರಿಸಿದಾಗ ಅವರ ಕಣ್ಣಿಗೆ ಬಿದ್ದದ್ದು ಗರಿಗಳ ಜೀರ್ಣಾವಸ್ಥೆ. ಊರಿಗೆ ಹೋಗಿ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ಹೇಳಿದರು. ಅವರು ಮರುವರ್ಷ ಬಂದರು, ಬರುವಾಗ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆತಂದರು. ಆ ಲಿಪಿಯನ್ನು ಓದಬಲ್ಲವರು ಅಷ್ಟು ವಿರಳ. ಶಾಸ್ತ್ರಿಗಳು ಗರಿ ಹಿಡಿದು ಮೊದಲ ಮಂಗಲಾಚರಣೆ ಓದಿದಾಗ ಅಲ್ಲಿದ್ದವರಿಗೆ ಹೇಗಾಗಿರಬೇಕು! ತಲೆಮಾರುಗಳಿಂದ ಕೈಮುಗಿದ ವಸ್ತು ಇದ್ದಕ್ಕಿದ್ದ ಹಾಗೆ ಮಾತಾಡಿತು.

ಆದರೂ ಪ್ರತಿ ಮಾಡುವ ಕೆಲಸ ಶುರುವಾಗಲು ಹನ್ನೆರಡು ವರ್ಷ ಹಿಡಿಯಿತು. ಚಂದಾ ಎತ್ತಬೇಕು, ಮಠದವರನ್ನೂ ಪಂಚರನ್ನೂ ಒಪ್ಪಿಸಬೇಕು. 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಉಪಾಧ್ಯಾಯರೂ ಕೂತರು. ಸ್ವಲ್ಪ ಕಾಲಕ್ಕೆ ಶಾಸ್ತ್ರಿಗಳು ತೀರಿಕೊಂಡರು. ಗಜಪತಿಗಳು ದೇವನಾಗರಿ ಪ್ರತಿಯನ್ನು ವರ್ಷಾನುಗಟ್ಟಲೆ ಬರೆದರು. ಸ್ಥಳೀಯರು ಹೊಸ ಕನ್ನಡ ಲಿಪಿಯ ಪ್ರತಿ ಬರೆದರು. ಮಹಾಬಂಧದ ನಾಗರಿ ಪ್ರತಿಯನ್ನು ಮೂಡುಬಿದಿರೆಯವರೇ ಆದ ಲೋಕನಾಥ ಶಾಸ್ತ್ರಿಗಳು ಮಾಡಿದರು. ಎಲ್ಲ ಮುಗಿದಾಗ 1922. ಇಪ್ಪತ್ತಾರು ವರ್ಷ, ಖರ್ಚು ಸುಮಾರು 20,000 ರೂಪಾಯಿ.

ಒಂದು ಶರತ್ತು ಮಾತ್ರ ಇತ್ತು: ಪ್ರತಿ ಮೂಡುಬಿದಿರೆಯಿಂದ ಹೊರಗೆ ಹೋಗಬಾರದು.

ಹೋಯಿತು.

ಗಜಪತಿ ಉಪಾಧ್ಯಾಯರು ಹಗಲು ಬಸದಿಯಲ್ಲಿ ಬರೆಯುತ್ತಿದ್ದಾಗ, ಮನೆಯಲ್ಲಿ ಇನ್ನೊಂದು ಕನ್ನಡ ಪ್ರತಿ ಗುಟ್ಟಾಗಿ ತಯಾರಾಗುತ್ತಿತ್ತು. ಅದರಲ್ಲಿ ಕೈಜೋಡಿಸಿದವರು ಅವರ ಹೆಂಡತಿ ಲಕ್ಷ್ಮೀಬಾಯಿ, ಓದು ಬರಹ ಬಲ್ಲ ವಿದುಷಿ. ಗಜಪತಿಗಳು ಆ ಪ್ರತಿಯನ್ನು ಮೊದಲು ತೋರಿಸಿದ್ದು ಯೋಜನೆಗೆ ಮೂಲಕಾರಣರಾದ ಸೇಠರಿಗೇ. ಮೂಡುಬಿದಿರೆಯವರಿಗೆ ಕೊಟ್ಟ ಮಾತು ಮುರಿದ ಹಾಗಾಗುತ್ತದೆ ಅಂತ ಅವರು ಮುಟ್ಟಲಿಲ್ಲ. 1915ರಲ್ಲಿ ಗಜಪತಿಗಳು ಅದನ್ನು ಉತ್ತರದ ಸಹಾರನ್‌ಪುರಕ್ಕೆ ಒಯ್ದರು. ಅಲ್ಲಿಯ ಲಾಲಾ ಜಂಬೂಪ್ರಸಾದರು ಹಣ ಕೊಟ್ಟು ಪಡೆದು ತಮ್ಮ ಬಸದಿಯಲ್ಲಿಟ್ಟರು.

ಕತೆ ಇಲ್ಲಿಗೆ ನಿಲ್ಲಲಿಲ್ಲ ಮಾರಾಯ್ರೆ. ಸಹಾರನ್‌ಪುರದಲ್ಲಿ ಕನ್ನಡ ಓದುವವರು ಯಾರು? ದಕ್ಷಿಣದ ವಿಜಯಚಂದ್ರಯ್ಯ ಎಂಬವರು ಕನ್ನಡ ಪ್ರತಿಯನ್ನು ಓದಿ ಹೇಳುವುದು, ಸೀತಾರಾಮ ಶಾಸ್ತ್ರಿ ಎಂಬವರು ನಾಗರಿಯಲ್ಲಿ ಬರೆಯುವುದು ಅಂತ ವ್ಯವಸ್ಥೆಯಾಯಿತು. ಅದು ಮುಗಿದದ್ದು 1923ರಲ್ಲಿ. ಈ ಸೀತಾರಾಮ ಶಾಸ್ತ್ರಿಗಳು ಏನು ಮಾಡಿದರು ಗೊತ್ತಾ? ತಮಗಾಗಿ ಇನ್ನೊಂದು ಪ್ರತಿ ಇಟ್ಟುಕೊಂಡರು. ಗುಟ್ಟಿನ ಪ್ರತಿಯ ಗುಟ್ಟಿನ ಪ್ರತಿ! ಅದರಿಂದಲೇ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ, ಸಾಗರ, ದೆಹಲಿ, ಅಮರಾವತಿ ಅಂತ ದೇಶವೆಲ್ಲ ಹರಡಿತು. ಪಿಡಿಎಫ್ ಕಾಲಕ್ಕಿಂತ ಎಷ್ಟೋ ಮೊದಲೇ ಒಂದು ಫೈಲು ವೈರಲ್ ಆಗಿತ್ತು, ಅಷ್ಟೂ ಕೈಬರಹದಲ್ಲಿ.

ಇದನ್ನು ಕಳ್ಳತನ ಅಂತೀರಾ, ಉಪಕಾರ ಅಂತೀರಾ? ನನಗೆ ಎರಡೂ ಅನ್ನಿಸುತ್ತದೆ. ಮಾತು ಮುರಿದದ್ದು ನಿಜ. ಮಾತು ಉಳಿಸಿಕೊಂಡ ಸೇಠರು ದೊಡ್ಡವರು ಅನ್ನುವುದೂ ನಿಜ. ಲಕ್ಷ್ಮೀಬಾಯಿ ದೀಪದ ಬೆಳಕಿನಲ್ಲಿ ಬರೆಯದಿದ್ದರೆ ಇವತ್ತು ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

*

ಇದೇ 1896ರಲ್ಲಿ ಇನ್ನೊಂದು ಕಡೆ ಏನಾಗುತ್ತಿತ್ತು ನೋಡಿ. ಆ ವರ್ಷದ ಕೊನೆಗೆ ಕೇಂಬ್ರಿಜ್‌ನ ಯಹೂದಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಕೈರೋಗೆ ಹೋದ. ಅಲ್ಲಿಯ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಗೆನಿಜಾ ಅಂತ ಒಂದು ಕೋಣೆ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದು ಅಂತ ಹಳೆಯ ಬರಹಗಳನ್ನೆಲ್ಲ ಅದರೊಳಗೆ ಹಾಕಿಬಿಡುತ್ತಿದ್ದರು. ಶೆಕ್ಟರ್ ಅಲ್ಲಿಂದ ಒಂದು ಲಕ್ಷಕ್ಕೂ ಹೆಚ್ಚು ತುಣುಕುಗಳನ್ನು ಕೇಂಬ್ರಿಜ್‌ಗೆ ತಂದ.

ಆ ಕಾಗದಗಳಲ್ಲಿ ನಮ್ಮ ಮಂಗಳೂರು ಇತ್ತು! ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರಿಂದ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದ. ಅವನು ಆಶು ಎಂಬ ಹೆಣ್ಣಾಳಿಗೆ ಬಿಡುಗಡೆ ಕೊಟ್ಟ ಪತ್ರ, ಬೊಮ್ಮ ಎಂಬ ಅವನ ಆಳಿನ ಹೆಸರಿರುವ ಕಾಗದಗಳು ಎಲ್ಲ ಸಿಕ್ಕವು. ಏಡನ್ನಿನ ಪಾಲುದಾರರು ಅವನಿಗೆ ಕಾಗದವನ್ನು ಉಡುಗೊರೆಯಾಗಿ ಕಳಿಸುತ್ತಿದ್ದರು. ಇಲ್ಲಿ ಕಾಗದ ಸಿಗುತ್ತಿರಲಿಲ್ಲ, ಇಲ್ಲಿಯವರು ಬರೆಯುತ್ತಿದ್ದದ್ದು ಗರಿಯ ಮೇಲೆ. ದೇಮಿಯಕ್ಕ ಧವಲಾ ಬರೆಸಿದ್ದು ಇದಕ್ಕೆ ಸ್ವಲ್ಪವೇ ಮೊದಲು. ಅಮಿತಾವ್ ಘೋಷ್ ಬೊಮ್ಮನ ಬೆನ್ನು ಹತ್ತಿ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಹೆಸರಿನ ಗುಟ್ಟು ಬಿಡಿಸಲು ಅವರಿಗೆ ನೆರವಾದವರು ತುಳು ವಿದ್ವಾಂಸ ಬಿ.ಎ. ವಿವೇಕ ರೈ.

ನಾನು ಇದನ್ನು ತಂದದ್ದು ಬರೀ ವರ್ಷ ಹೊಂದಿತು ಅಂತ ಅಲ್ಲ. ಸಣ್ಣ ಸಮುದಾಯವೊಂದು ತನ್ನ ಗ್ರಂಥಗಳನ್ನು ತಾನೇ ಅಚ್ಚು ಹಾಕಲು ಹೊರಟಾಗ ಎಡಿಟರ್ ಆದವರ ಪಾಡು ಎಲ್ಲ ಕಡೆಯೂ ಒಂದೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1888ರಲ್ಲಿ ಯಹೂದಿಗಳು ಜ್ಯೂಯಿಷ್ ಪಬ್ಲಿಕೇಷನ್ ಸೊಸೈಟಿ ಅಂತ ಪ್ರಕಾಶನ ಸಂಸ್ಥೆ ಕಟ್ಟಿದರು. 1893ರಿಂದ 1916ರ ತನಕ ಅಲ್ಲಿ ಎಡಿಟರ್ ಕೆಲಸ ಮಾಡಿದ್ದು ಹೆನ್ರಿಯೆಟಾ ಸೋಲ್ಡ್ ಎಂಬ ಹೆಂಗಸು. ತಿದ್ದುವುದು, ಅನುವಾದಿಸುವುದು, ಪ್ರೂಫ್ ನೋಡುವುದು ಎಲ್ಲ ಆಕೆಯೇ. ಹುದ್ದೆಯ ಹೆಸರು ಮಾತ್ರ "ಸೆಕ್ರೆಟರಿ".

ಅದೇ ಸಂಸ್ಥೆ 1917ರಲ್ಲಿ ಯಹೂದಿಗಳದ್ದೇ ಆದ ಇಂಗ್ಲಿಷ್ ಬೈಬಲ್ ಹೊರತಂದಿತು. ಅದರಲ್ಲಿ ಯೆಶಾಯನ ಒಂದು ವಾಕ್ಯದಲ್ಲಿ ಕ್ರೈಸ್ತರ ಅನುವಾದಗಳು "ಕನ್ಯೆ" ಅನ್ನುವ ಕಡೆ ಇವರು "ಯುವತಿ" ಅಂತ ಹಾಕಿದರು. ಹೀಬ್ರೂ ಪದ ಒಂದೇ. ಆದರೆ ಕನ್ಯೆಯೋ ಯುವತಿಯೋ ಅನ್ನುವುದರ ಮೇಲೆ ಎರಡು ಧರ್ಮಗಳ ನಡುವೆ ಎಷ್ಟೋ ಶತಮಾನಗಳ ಜಗಳ ನಿಂತಿದೆ. ತಮ್ಮದೇ ಪ್ರಕಾಶನ ಇದ್ದರೆ ಆಗುವ ಲಾಭ ಇದು: ತಮ್ಮ ಪದ ತಮ್ಮ ಕೈಯಲ್ಲಿರುತ್ತದೆ. ಕಷ್ಟವೂ ಇದೇ. ಎಡವಟ್ಟಾದರೆ ಬೈಯಲು ನಮ್ಮವರೇ ಎದುರಿಗೆ ನಿಂತಿರುತ್ತಾರೆ.

*

ಈಗ ಅಮರಾವತಿಗೆ ಬನ್ನಿ. ಅಲ್ಲಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದ ಹೀರಾಲಾಲ್ ಜೈನ್ ಧವಲಾವನ್ನು ಅಚ್ಚು ಹಾಕಲು ಹೊರಟರು. ಭೇಲ್ಸಾ, ಅಂದರೆ ಈಗಿನ ವಿದಿಶಾದ ಸೇಠ್ ಲಕ್ಷ್ಮೀಚಂದ್ರರು ದಾನ ಕೊಟ್ಟರು. ಫೂಲಚಂದ್ರ ಶಾಸ್ತ್ರಿ, ಹೀರಾಲಾಲ್ ಶಾಸ್ತ್ರಿ ಮುಂತಾದ ಪಂಡಿತರು ಸೇರಿದರು. ಸಲಹೆಗೆ ನಮ್ಮ ಬೆಳಗಾವಿ ಜಿಲ್ಲೆಯ ಸದಲಗದ ಆ.ನೇ. ಉಪಾಧ್ಯೆ, ಕೊಲ್ಹಾಪುರದಲ್ಲಿ ಪ್ರಾಕೃತದ ಪ್ರಾಧ್ಯಾಪಕರು. ಮೊದಲ ಸಂಪುಟ ಬಂದದ್ದು 1939ರಲ್ಲಿ.

ಅವರ ಕೈಯಲ್ಲಿದ್ದದ್ದು ಯಾವ ಪ್ರತಿ? ಅಮರಾವತಿಯದ್ದು, ಆರಾದ್ದು, ಕಾರಂಜಾದ್ದು. ಮೂರೂ ಸೀತಾರಾಮ ಶಾಸ್ತ್ರಿಗಳ ಆ ಗುಟ್ಟಿನ ಪ್ರತಿಯ ಮಕ್ಕಳು. ಮೂಡುಬಿದಿರೆಯ ಗರಿಗಳನ್ನು ನೋಡುವ ಅವಕಾಶ ಇರಲಿಲ್ಲ. ಅಂದರೆ ಗರಿಯಿಂದ ಗಜಪತಿಗಳ ಮನೆಗೆ, ಅಲ್ಲಿಂದ ಸಹಾರನ್‌ಪುರಕ್ಕೆ, ಒಬ್ಬರ ಬಾಯಿಂದ ಇನ್ನೊಬ್ಬರ ಲೇಖನಿಗೆ, ಅಲ್ಲಿಂದ ಮತ್ತೆ ಪ್ರತಿಗೆ. ಹಳೆಗನ್ನಡ ಲಿಪಿಯಲ್ಲಿ ದ, ಧ, ಥ ಒಂದರ ಹಾಗೆ ಒಂದು. ಪ್ರಾಕೃತ ಬರೆಯುವಾಗ ಒತ್ತಕ್ಷರದ ಬದಲು ಹಿಂದೆ ಒಂದು ಸೊನ್ನೆ ಇಡುವ ರೂಢಿ, ಅದನ್ನು ಅನುಸ್ವಾರ ಅಂತ ಓದಿದರೆ ಪದವೇ ಬೇರೆ. ವಾಟ್ಸಾಪಿನಲ್ಲಿ ಹತ್ತು ಸಲ ಫಾರ್ವರ್ಡ್ ಆದ ಫೋಟೋ ಹೇಗಿರುತ್ತದೋ ಹಾಗೆ. ಇಂಥ ಪ್ರತಿಗಳಿಂದ ಅವರು ಶುದ್ಧ ಪಾಠ ಕಟ್ಟಬೇಕಿತ್ತು.

ಮೊದಲ ಸಂಪುಟದಲ್ಲಿ 93ನೆಯ ಸೂತ್ರ ಬಂತು. ಮನುಷ್ಯ ಸ್ತ್ರೀಯರು ಆತ್ಮದ ಯಾವ ಯಾವ ಮೆಟ್ಟಿಲುಗಳಲ್ಲಿ ಹೇಗಿರುತ್ತಾರೆ ಅನ್ನುವ ಸೂತ್ರ. ಜೈನರು ಈ ಮೆಟ್ಟಿಲುಗಳನ್ನು ಗುಣಸ್ಥಾನ ಅನ್ನುತ್ತಾರೆ, ಒಟ್ಟು ಹದಿನಾಲ್ಕು. ಸೂತ್ರದಲ್ಲಿ ಸಾಲಾಗಿ ಮೆಟ್ಟಿಲುಗಳ ಹೆಸರು ಬಂದು "ಸಂಜದಾಸಂಜದ" ಎಂಬಲ್ಲಿಗೆ ನಿಂತಿತ್ತು. ಸಂಯತಾಸಂಯತ ಅಂದರೆ ಅರ್ಧ ವ್ರತಿ, ಸಂಸಾರದಲ್ಲಿದ್ದು ಅಣುವ್ರತ ಹಿಡಿದವರು. ಅದರ ಮುಂದಿನ ಮೆಟ್ಟಿಲು "ಸಂಜದ", ಸಂಯತ, ಪೂರ್ತಿ ವ್ರತಿ. ಮೋಕ್ಷದ ದಾರಿ ಇರುವುದು ಅಲ್ಲಿಂದ ಮೇಲೆ. ಆ ಪದ ಯಾವ ಪ್ರತಿಯಲ್ಲೂ ಇರಲಿಲ್ಲ.

ಸಂಪಾದಕರಿಗೆ ಅನುಮಾನ ಬಂದದ್ದು ಟೀಕೆ ಓದಿದಾಗ. ಸೂತ್ರದ ಕೆಳಗೆ ವೀರಸೇನರು ಒಂದು ಪ್ರಶ್ನೆ ಎತ್ತುತ್ತಾರೆ: ಹಾಗಾದರೆ ಈ ಆಗಮದ ಪ್ರಕಾರವೇ ಹೆಂಗಸರಿಗೆ ಮೋಕ್ಷ ಸಿದ್ಧಿಸುತ್ತದೆ ಅನ್ನಬಹುದಲ್ಲ ಅಂತ. ಆಮೇಲೆ ಅದನ್ನು ಅವರೇ ಅಲ್ಲಗಳೆಯುತ್ತಾರೆ. ಇಲ್ಲಿ ಹೇಳಿದ್ದು ಭಾವದಿಂದ ಹೆಣ್ಣು, ದೇಹದಿಂದ ಅಲ್ಲ ಎಂಬ ಅರ್ಥದಲ್ಲಿ ಉತ್ತರ. ಉತ್ತರ ಏನೇ ಇರಲಿ, ಪ್ರಶ್ನೆ ಬಂದದ್ದು ಎಲ್ಲಿಂದ? ಸೂತ್ರ ಅರ್ಧ ವ್ರತಿಯಲ್ಲೇ ನಿಂತಿದ್ದರೆ ಮೋಕ್ಷದ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ವೀರಸೇನರ ಮುಂದೆ ಇದ್ದ ಸೂತ್ರದಲ್ಲಿ "ಸಂಜದ" ಇದ್ದೇ ಇರಬೇಕು.

ಪದ ಬಿಟ್ಟುಹೋದದ್ದು ಹೇಗೆ ಅಂತ ಊಹಿಸಲು ಕಷ್ಟವಿಲ್ಲ. "ಸಂಜದಾಸಂಜದ" ಆದ ಕೂಡಲೇ ಮತ್ತೆ "ಸಂಜದ". ಒಂದೇ ಸದ್ದು ಮೂರು ಸಲ. ಬರೆಯುವವನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿತು. ಪ್ರೂಫ್ ನೋಡುವವರಿಗೆಲ್ಲ ಈ ಜಾರುವಿಕೆ ಗೊತ್ತು. ಯಾರ ದುರುದ್ದೇಶವೂ ಬೇಕಿಲ್ಲ.

ಹೀರಾಲಾಲರು ಮತ್ತು ಜೊತೆಯವರು ಏನು ಮಾಡಿದರು? ಮೂಲದಲ್ಲಿ ಪದವನ್ನು ಸೇರಿಸಲಿಲ್ಲ. ಇಲ್ಲದ ಹಾಗೆ ಸುಮ್ಮನೆಯೂ ಇರಲಿಲ್ಲ. ಇಲ್ಲಿ "ಸಂಜದ" ಎಂಬ ಪದ ಇರಬೇಕೆಂದು ತೋರುತ್ತದೆ ಅನ್ನುವ ಅರ್ಥದ ಒಂದು ಅಡಿಟಿಪ್ಪಣಿ ಹಾಕಿದರು.

ಆ ಒಂದು ಅಡಿಟಿಪ್ಪಣಿಗೆ ಎಷ್ಟು ಗಲಾಟೆ! ಹೆಣ್ಣಿಗೆ ಹೆಣ್ಣಾಗಿಯೇ ಮೋಕ್ಷ ಇಲ್ಲ ಎಂಬುದು ದಿಗಂಬರರನ್ನೂ ಶ್ವೇತಾಂಬರರನ್ನೂ ಬೇರೆ ಮಾಡುವ ಮುಖ್ಯ ಮಾತುಗಳಲ್ಲಿ ಒಂದು. ದಿಗಂಬರರ ಮೂಲ ಗ್ರಂಥದಲ್ಲೇ ಇಂಥ ಪದ ಇದೆ ಅಂದರೆ? ಸಂಸಾರಿಗಳು ಸಿದ್ಧಾಂತ ಗ್ರಂಥಕ್ಕೆ ಕೈ ಹಾಕಿದ್ದೇ ತಪ್ಪು ಎಂಬ ಹಳೆಯ ಆಕ್ಷೇಪಕ್ಕೆ ಈಗ ಹೊಸ ಬಲ ಬಂತು. 1940ರ ದಶಕದಲ್ಲಿ ಹೀರಾಲಾಲರು ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದಾಗ ಪಂಡಿತರು ಪುಸ್ತಕದ ಮೇಲೆ ಪುಸ್ತಕ ಬರೆದು ಉತ್ತರ ಕೊಟ್ಟರು. ಬೆಳಗಾವಿ ಜಿಲ್ಲೆಯ ಭೋಜದವರಾದ ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ ಇದೇ ಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೊರೆಸುವ ಕೆಲಸ ಶುರುವಾದಾಗಲೂ, ತಾಮ್ರದ ಮೇಲೆ "ಸಂಜದ" ಇರಬೇಕೋ ಬೇಡವೋ ಅಂತ ದೊಡ್ಡ ವಾದವೇ ನಡೆಯಿತು. ಕಾಗದದ ತಪ್ಪನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ತಾಮ್ರದಲ್ಲಿ ಕೊರೆದದ್ದು ಕೊರೆದಂತೆ.

*

ಇದನ್ನು ತೀರ್ಮಾನಿಸಬಲ್ಲ ಸಾಕ್ಷಿ ಒಂದೇ ಒಂದು: ಮೂಡುಬಿದಿರೆಯ ಗರಿಗಳು.

ಕತೆಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಗುಟ್ಟಾಗಿ ಹೊರಹೋದ ಪ್ರತಿಯಿಂದ ಪುಸ್ತಕ ಅಚ್ಚಾಗಿ ಬಂದಾಗ ಮೂಡುಬಿದಿರೆಯವರು ಸಿಟ್ಟಾಗಿ ಬಾಗಿಲು ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಪುಸ್ತಕ ನೋಡಿದ ಮೇಲೆ ಮಠದ ಚಾರುಕೀರ್ತಿ ಭಟ್ಟಾರಕರೂ ಬಸದಿಯ ಆಡಳಿತದವರೂ ಮೂಲಗರಿಗಳೊಂದಿಗೆ ಹೋಲಿಸಿ ನೋಡಲು ಒಪ್ಪಿದರು. ಮಹಾಬಂಧದ ಪ್ರತಿಯೂ ಹೊರಬರುವ ಹಾಗೆ ನೆರವಾದವರಲ್ಲಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರಿದ್ದರು. 1933ರಿಂದ ಧರ್ಮಸ್ಥಳದಲ್ಲಿ ಸರ್ವಧರ್ಮ ಸಮ್ಮೇಳನ ನಡೆಸಿದವರೂ ಅವರೇ. ಹೋಲಿಸುವ ಕೆಲಸಕ್ಕೆ ಕೂತವರು ಲೋಕನಾಥ ಶಾಸ್ತ್ರಿಗಳು. ಅಚ್ಚಾದ ಪುಸ್ತಕ ಒಂದು ಕಡೆ, ಗರಿ ಇನ್ನೊಂದು ಕಡೆ, ಅಕ್ಷರ ಅಕ್ಷರ ಹಿಡಿದು ವ್ಯತ್ಯಾಸಗಳ ಪಟ್ಟಿ ಮಾಡಿ ಅಮರಾವತಿಗೆ ಕಳಿಸಿದರು. ಮುಂದಿನ ಸಂಪುಟಗಳಿಗೆ ಆ ಪಟ್ಟಿಗಳೇ ಆಧಾರ.

93ನೆಯ ಸೂತ್ರದ ಗರಿಯಲ್ಲಿ "ಸಂಜದ" ಇತ್ತು.

ಅಂದರೆ ದೇಮಿಯಕ್ಕನ ಕಾಲದ ಲಿಪಿಕಾರರ ಕಣ್ಣು ಜಾರಿರಲಿಲ್ಲ. ಸುಮಾರು ಎಂಟುನೂರು ವರ್ಷ ಆ ಪದ ಸಿದ್ಧಾಂತ ಬಸದಿಯ ಒಳಗೆ ಸುಮ್ಮನೆ ಕೂತಿತ್ತು. ಬಿಟ್ಟುಹೋದದ್ದು ಇಪ್ಪತ್ತನೆಯ ಶತಮಾನದ ಅವಸರದ ಪ್ರತಿಗಳಲ್ಲಿ. ಹೆಣ್ಣೊಬ್ಬಳು ಬರೆಸಿದ ಗರಿಯಲ್ಲಿ, ಹೆಣ್ಣಿನ ಮೆಟ್ಟಿಲಿನ ಹೆಸರು ಉಳಿದುಕೊಂಡಿತ್ತು. ಅದರ ಅರ್ಥ ಏನು ಎಂಬ ವಾದ ಆಮೇಲೂ ಮುಗಿಯಲಿಲ್ಲ. ಭಾವದ ಹೆಣ್ಣೋ ದೇಹದ ಹೆಣ್ಣೋ ಅಂತ ಪಂಡಿತರು ಈಗಲೂ ವಾದಿಸಬಹುದು. ವಾದಿಸಲಿ. ಆದರೆ ಪದ ಇದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಸಿಕ್ಕಿತು. ಎಡಿಟರ್ ಆದವನ ಕೆಲಸ ಮೊದಲನೆಯದಲ್ಲ, ಎರಡನೆಯದು.

ಧವಲಾದ 16 ಸಂಪುಟಗಳು ಮುಗಿಯಲು ಇಪ್ಪತ್ತು ವರ್ಷ ಬೇಕಾಯಿತು. ಜಯಧವಲಾ ಮಥುರಾದಿಂದ 1944ರಲ್ಲಿ ಶುರುವಾಗಿ 1988ರ ತನಕ ನಡೆಯಿತು. ಮಹಾಬಂಧವನ್ನು 1947ರಿಂದ ಏಳು ಸಂಪುಟಗಳಲ್ಲಿ ತಂದದ್ದು ಭಾರತೀಯ ಜ್ಞಾನಪೀಠ. ಹೌದು, ಅದೇ ಜ್ಞಾನಪೀಠ! ಕುವೆಂಪು, ಬೇಂದ್ರೆ, ಕಾರಂತರಿಗೆ ಪ್ರಶಸ್ತಿ ಕೊಟ್ಟದ್ದು. ನಮಗೆ ಅದು ಪ್ರಶಸ್ತಿಯ ಹೆಸರು ಅಷ್ಟೇ. ಆದರೆ 1944ರಲ್ಲಿ ಸಾಹು ಶಾಂತಿಪ್ರಸಾದ ಜೈನ್ ಮತ್ತು ರಮಾ ಜೈನ್ ಅದನ್ನು ಕಾಶಿಯಲ್ಲಿ ಶುರು ಮಾಡಿದಾಗ ಮುಖ್ಯ ಕೆಲಸ ಇಂಥ ಹಳೆಯ ಗ್ರಂಥಗಳನ್ನು ಅಚ್ಚಿಗೆ ತರುವುದಾಗಿತ್ತು. ಅದರ ಗ್ರಂಥಮಾಲೆಗೆ ಪ್ರಧಾನ ಸಂಪಾದಕರು ಮತ್ತೆ ಅದೇ ಹೀರಾಲಾಲ್ ಜೈನ್, ಅದೇ ಉಪಾಧ್ಯೆ. 1948ರಲ್ಲಿ ಅದು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮಾಡಿದ ಕನ್ನಡ ನಾಡಿನ ತಾಳೆಗರಿ ಗ್ರಂಥಗಳ ಸೂಚಿಯನ್ನು ಪ್ರಕಟಿಸಿತು. ಮೂಡುಬಿದಿರೆಯ ಮಠ, ಸಿದ್ಧಾಂತ ಬಸದಿ, ಕಾರ್ಕಳ ಅಂತ ಭಂಡಾರದಿಂದ ಭಂಡಾರಕ್ಕೆ ಇರುವ ಗರಿಗಳ ಪಟ್ಟಿ ಅದು. ಓದುವವರು ಕಡಿಮೆ, ಆದರೆ ಅದಿಲ್ಲದೆ ಯಾವ ಸಂಪಾದಕನೂ ಒಂದು ಹೆಜ್ಜೆ ಇಡುವ ಹಾಗಿಲ್ಲ.

*

ಹೋದ ದೀಪಾವಳಿಗೆ ಊರಿಗೆ ಹೋದಾಗ ಸಿದ್ದಕಟ್ಟೆಯಿಂದ ಬಸ್ ಹತ್ತಿ ಮೂಡುಬಿದಿರೆಗೆ ಹೋದೆ. ಗುರು ಬಸದಿಯಲ್ಲಿ ತುಂಬಾ ಹೊತ್ತು ನಿಂತೆ. ಶಾಲೆಯ ಮಕ್ಕಳ ಒಂದು ಗುಂಪು ಬಂತು, ಸೆಲ್ಫಿ ತೆಗೆಯಿತು, ಹೋಯಿತು. ನನಗೆ ಲಕ್ಷ್ಮೀಬಾಯಿಯ ನೆನಪಾಗುತ್ತಿತ್ತು. ಆಕೆ ಕೈಜೋಡಿಸಿದ ಪ್ರತಿಯಲ್ಲಿ ಆ ಪದ ಇತ್ತೋ, ಆಮೇಲಿನವರ ಕಣ್ಣು ಜಾರಿತೋ? ಯಾರದ್ದೇ ಇರಲಿ, ಅದು ಕಣ್ಣು ಜಾರಿದ್ದು. ನನ್ನದು ಹಾಗಲ್ಲ. ನಾನು ಕಣ್ಣು ಬಿಟ್ಟುಕೊಂಡೇ ಡಿಲೀಟ್ ಒತ್ತಿದವನು. ಮೇಲೆ "ಆನಂತರ" ಅಂತ ಹೊಲಿಗೆ ಬೇರೆ ಹಾಕಿದ್ದೆ.

ಮೊನ್ನೆ ಸಮಿತಿಯವರ ಫೋನ್ ಬಂತು. ಸಂಚಿಕೆ ಎಲ್ಲ ಖರ್ಚಾಗಿದೆ, ಮರುಮುದ್ರಣ ಮಾಡ್ತೇವೆ, ತಪ್ಪೇನಾದರೂ ಇದ್ದರೆ ಹೇಳಿ ಅಂದರು. ನಾನು ಹೇಳಿದೆ, ಒಂದು ಸಾಲು ಬಿಟ್ಟುಹೋಗಿದೆ ಅಂತ. ಆ ಕಡೆ ಸ್ವಲ್ಪ ಹೊತ್ತು ಮೌನ. "ಅದೇ ಸಾಲಾ?" ಅಂದರು. ಹೌದು ಅಂದೆ. "ಒಳಗೆ ಹಾಕಿದ್ರೆ ಜಗಳ ಆಗ್ತದೆ ಮಾರಾಯ್ರೆ." ನಾನಂದೆ, ಸರಿ, ಒಳಗೆ ಬೇಡ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕುವ. ಇಂಥ ಹೆಸರಿನವರು ಹಂಚಿಗೆ ಇಷ್ಟು ಕೊಟ್ಟಿದ್ದಾರೆ ಅಂತ ಹಳೆಯ ಲೆಕ್ಕದ ಪುಸ್ತಕದಲ್ಲಿ ಉಂಟು, ಅಷ್ಟೇ. ಲೆಕ್ಕದ ಪುಸ್ತಕ ಮಾಸ್ತರರ ಮನೆಯಲ್ಲಿ ಉಂಟಲ್ಲ, ಯಾರಿಗೆ ಬೇಕೋ ಅವರು ಹೋಗಿ ನೋಡಲಿ.

ಮೀಟಿಂಗಿನಲ್ಲಿ ಕೇಳಿ ಹೇಳ್ತೇವೆ ಅಂದಿದ್ದಾರೆ. ಮೀಟಿಂಗು ಬರುವ ಭಾನುವಾರ. ನಾನೂ ಹೋಗುವವನಿದ್ದೇನೆ.